ಯೀಸ್ಟ್ ಇಲ್ಲದ ಗಸಗಸೆ ಸುರುಳಿ

ಕಿವಿ ಪರೀಕ್ಷೆ ಮಾಡಿ ಹಿಯರಿಂಗ್ ಏಡ್ ಹೊಂದಿಸಿ ಕೊಡುವುದು ನನ್ನ ಕೆಲಸ. ಮೌಂಟನ್ ವ್ಯೂನಲ್ಲಿರುವ ನಮ್ಮ ಕ್ಲಿನಿಕ್ಕಿಗೆ ಬರುವ ವಯಸ್ಸಾದವರನ್ನು ಸಾಮಾನ್ಯವಾಗಿ ಮಕ್ಕಳು ಕರೆದುಕೊಂಡು ಬರುತ್ತಾರೆ. ಆಕೆ ಮಾತ್ರ ಒಬ್ಬರೇ ಬಂದರು. ತೊಂಬತ್ತೊಂದು ವರ್ಷ. ಪಾಲೋ ಆಲ್ಟೋದಿಂದ ಟ್ರೈನು ಹತ್ತಿ, ಸ್ಟೇಷನ್ನಿನಿಂದ ನಡೆದುಕೊಂಡೇ ಬಂದಿದ್ದರು.

"ನಂದೊಂದು ಪುಸ್ತಕ ಬರ್ತಾ ಇದೆ. ಲೈಬ್ರರೀಲಿ ಅದನ್ನ ಎಲ್ಲರ ಮುಂದೆ ಓದಬೇಕು. ಜನ ಪ್ರಶ್ನೆ ಕೇಳ್ತಾರಲ್ಲ, ಅದು ನನಗೆ ಕೇಳಿಸಬೇಕು," ಎಂದರು. ಆಕೆ ಆಡಿದ್ದು ಇಂಗ್ಲಿಷಿನಲ್ಲಿ, ಒಂದೊಂದೇ ಪದ ಇಟ್ಟು. ನನ್ನ ನೆನಪಿನಲ್ಲಿ ಅದೆಲ್ಲ ಯಾವಾಗಲೋ ಕನ್ನಡವಾಗಿಬಿಟ್ಟಿದೆ.

ಪರೀಕ್ಷೆಯಲ್ಲಿ ನಾವು ಒಂದೊಂದು ಪದ ಕೇಳಿಸುತ್ತೇವೆ, ಅವರು ತಿರುಗಿ ಹೇಳಬೇಕು. ಸರಿಯಾಗಿ ಕೇಳದಿದ್ದರೆ ಎಲ್ಲರೂ ಏನೋ ಒಂದು ಊಹಿಸಿ ಹೇಳುತ್ತಾರೆ. ಆಕೆ "ಗೊತ್ತಿಲ್ಲ" ಎನ್ನುತ್ತಿದ್ದರು. ಊಹಿಸಿದರೂ ಪರವಾಗಿಲ್ಲ ಎಂದೆ. "ನಾನು ಊಹಿಸಲ್ಲ," ಎಂದರು. ಕುತೂಹಲ ತಡೆಯಲಾಗದೆ, ಪುಸ್ತಕ ಯಾವುದರ ಬಗ್ಗೆ ಎಂದು ಕೇಳಿದೆ.

"ಅಡುಗೆ," ಎಂದರು. ಕೋಟು ಎತ್ತಿಕೊಳ್ಳುತ್ತಾ, "ಕ್ಯಾಂಪಿನ ಅಡುಗೆ," ಎಂದರು.

ಆಕೆ ಹಂಗೆರಿಯ ಸಣ್ಣ ಪಟ್ಟಣವೊಂದರ ಯಹೂದಿ ಕುಟುಂಬದವರು. ಹದಿಮೂರನೆಯ ವಯಸ್ಸಿನಲ್ಲಿ ಅವರನ್ನೂ ತಾಯಿಯನ್ನೂ ನಾಜಿಗಳು ರೈಲಿನಲ್ಲಿ ತುಂಬಿ ಯಾತನಾ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಇಳಿದಾಗ ಯಾರೋ ಪಿಸುಗುಟ್ಟಿದ್ದನ್ನು ನಂಬಿ ಈಕೆ ತಮ್ಮ ವಯಸ್ಸು ಹದಿನಾರೆಂದು ಸುಳ್ಳು ಹೇಳಿದರು. ಅದರಿಂದ ಕೆಲಸದವರ ಸಾಲಿಗೆ ಸೇರಿ ಉಳಿದುಕೊಂಡರು. ತಾಯಿಯನ್ನು ಇನ್ನೊಂದು ಸಾಲಿಗೆ, ಕೊಲ್ಲಲು ಒಯ್ಯುವವರ ಸಾಲಿಗೆ ಕಳಿಸಿದರು. ಹಾಸನದ ಹೈಸ್ಕೂಲಿನಲ್ಲಿ ನಾನು ಇದನ್ನೆಲ್ಲ ಪರೀಕ್ಷೆಗೆಂದು ಎರಡು ಸಾಲಿನಲ್ಲಿ ಬಾಯಿಪಾಠ ಮಾಡಿದ್ದೆ. ಆ ಎರಡು ಸಾಲಿನೊಳಗಿದ್ದ ಒಬ್ಬರು ನನ್ನ ಮುಂದೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

ಮೂರನೇ ಸಲ ಬಂದಾಗ ಪುಸ್ತಕದ ಟೈಪಾದ ಪ್ರತಿಯನ್ನು ನನ್ನ ಕೈಗಿಟ್ಟರು. ಎರಡು ದಿನದಲ್ಲಿ ಓದಿ ಮುಗಿಸಿದೆ. ಹಸಿದ ಹೆಂಗಸರು ಹಲಗೆಗಳ ಮೇಲೆ ಒತ್ತಾಗಿ ಮಲಗಿ ಒಬ್ಬರಿಗೊಬ್ಬರು ಅಡುಗೆ ಹೇಳಿಕೊಳ್ಳುತ್ತಿದ್ದರಂತೆ. ಎಷ್ಟು ಬೆಣ್ಣೆ, ಎಷ್ಟು ಸಕ್ಕರೆ, ಯಾವ ಪಾತ್ರೆ ಎಂದು ಜಗಳವೂ ಆಗುತ್ತಿತ್ತಂತೆ. ಗುಂಪಿನಲ್ಲಿ ಚಿಕ್ಕವಳಾದ ಈಕೆಗೆ ಹೇಳಲು ಯಾವ ಅಡುಗೆಯೂ ಗೊತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ಆ ಹೆಂಗಸರಲ್ಲಿ ಹೆಚ್ಚಿನವರು ಬದುಕಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಈಕೆ ಸ್ಯಾನ್ ಫ್ರಾನ್ಸಿಸ್ಕೋದ ಅಂಗಡಿಯೊಂದರಲ್ಲಿ ಮದುವೆ ಗೌನುಗಳನ್ನು ಹೊಲಿದರು. ಗಂಡ ತೀರಿಕೊಂಡ ಮೇಲೆ, ಎಪ್ಪತ್ತು ದಾಟಿ, ಬರೆಯಲು ಕೂತರು. ಇದು ಮೂರನೆಯ ಪುಸ್ತಕ.

ಓದುತ್ತಾ ಒಂದು ಕಡೆ ನಿಂತೆ. ಗಸಗಸೆ ತುಂಬಿ ಸುತ್ತಿ ಬೇಯಿಸುವ ಸುರುಳಿಯ ಹಿಟ್ಟು ಕಲಸಿ, ಬೆಚ್ಚಗಿಟ್ಟು ಉಬ್ಬಿಸಬೇಕು ಎಂದಿತ್ತು. ಆದರೆ ಉಬ್ಬಲು ಬೇಕಾದ ಯೀಸ್ಟಿನ ಹೆಸರೇ ಇರಲಿಲ್ಲ. ತಪ್ಪಾಗಿದೆಯೇನೋ ಎಂದು ಫೋನ್ ಮಾಡಿದೆ.

"ಭಾನುವಾರ ಮನೆಗೆ ಬನ್ನಿ, ಮಾಡೋಣ," ಎಂದರು.

ಮಗಳನ್ನೂ ಕರೆದುಕೊಂಡು ಹೋದೆ. ಅವಳಿಗೆ ಆಗ ಹದಿನಾಲ್ಕು, ಬೇಕಿಂಗ್ ಹುಚ್ಚು. ನಾನು ಇಂಡಿಯನ್ ಗ್ರೋಸರಿಯಿಂದ ಗಸಗಸೆ ಪೊಟ್ಟಣ ಒಯ್ದಿದ್ದೆ. ಆಕೆ ಅದನ್ನು ಅಂಗೈಗೆ ಸುರಿದುಕೊಂಡು ಕಿಟಕಿಯ ಬಳಿ ಹೋದರು.

"ಇದು ಬಿಳಿ," ಎಂದರು.

"ಗಸಗಸೆ ಬಿಳೀನೇ ಅಲ್ವಾ?"

ಕಪಾಟಿನಿಂದ ತಮ್ಮ ಡಬ್ಬಿ ತೆರೆದು ತೋರಿಸಿದರು. ಅದರಲ್ಲಿದ್ದದ್ದು ನೀಲಿಗಪ್ಪು. ನಾವಿಬ್ಬರೂ ಒಬ್ಬರ ಗಸಗಸೆಯನ್ನು ಇನ್ನೊಬ್ಬರು ಜಗಿದು ನೋಡಿದೆವು. ನಾವು ಪಾಯಸ ಮಾಡುತ್ತೇವೆ ಎಂದಾಗ, ಕುಡಿದರೆ ನಿದ್ದೆ ಬರುತ್ತದೆಯೇ, ಯಾರು ರುಬ್ಬುತ್ತಾರೆ, ಯಾವ ಕಲ್ಲು ಎಂದೆಲ್ಲ ಕೇಳಿ ಬರೆದುಕೊಂಡರು. ನನ್ನ ಪ್ರಶ್ನೆಗಳಿಗಿಂತ ಅವರವೇ ಹೆಚ್ಚಾದವು.

ಹಿಟ್ಟು ಕಲಸಿ ಕಾದೆವು. ಅದು ಉಬ್ಬಲಿಲ್ಲ. ಮಗಳು ಬೆರಳಿನಿಂದ ಒತ್ತಿ ನೋಡಿ, "ಅಮ್ಮ, ದಿಸ್ ಈಸ್ ನೆವರ್ ಗೋಯಿಂಗ್ ಟು ರೈಸ್," ಎಂದಳು. ನಾನು ಮೆಲ್ಲಗೆ, "ಸುಮ್ನಿರೇ, ಅವರಿಗೆ ಬೇಜಾರಾಗತ್ತೆ," ಎಂದೆ. ಆಕೆಗೆ ಕನ್ನಡ ತಿಳಿಯದಿದ್ದರೂ ನನ್ನ ಮುಖ ಓದಲು ಬಂತು.

"ಅವಳು ಹೇಳಿದ್ದು ಸರಿ. ನಾನು ಇದನ್ನ ನಾಲ್ಕು ಸಲ ಮಾಡಿದೀನಿ, ನಾಲ್ಕು ಸಲಾನೂ ಕಲ್ಲು," ಎಂದರು. "ಇದನ್ನ ಹೇಳಿಕೊಟ್ಟವಳು ನನ್ನ ಪಕ್ಕ ಮಲಗ್ತಿದ್ದ ಟೀಚರು. ಯೀಸ್ಟ್ ಅಂತ ಅವಳು ಹೇಳ್ಲೇ ಇಲ್ಲ. ಹಸಿವಿಗೆ ಮರೆತಳೋ, ಮನೆತನದ ಗುಟ್ಟು ಅಂತ ಬಿಟ್ಟಳೋ, ನನಗೆ ಗೊತ್ತಿಲ್ಲ. ಮಾರನೇ ವಾರ ಕೇಳೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಅವಳಿರಲಿಲ್ಲ."

ಪ್ರಕಾಶಕರ ಸಂಪಾದಕಿ ಅಲ್ಲಿಗೆ ಯೀಸ್ಟ್ ಸೇರಿಸಿದ್ದಳಂತೆ. ಈಕೆ ಹೊಡೆದುಹಾಕಿದರು. ಅವಳು ಮತ್ತೆ ಸೇರಿಸಿದಳು. ಕೊನೆಗೆ ಈಕೆ, ಪುಸ್ತಕ ಬರದಿದ್ದರೂ ಚಿಂತೆಯಿಲ್ಲ ಎಂದು ಪತ್ರ ಬರೆದ ಮೇಲೆ ಅವಳು ಬಿಟ್ಟುಕೊಟ್ಟಳು.

"ಬಟ್ ಪೀಪಲ್ ವಿಲ್ ಥಿಂಕ್ ಇಟ್ಸ್ ಯುವರ್ ಮಿಸ್ಟೇಕ್," ಎಂದಳು ನನ್ನ ಮಗಳು.

"ಅಂದುಕೊಳ್ಳಲಿ," ಎಂದರು ಆಕೆ. "ನಾನು ಸರಿಮಾಡಿಬಿಟ್ರೆ ಅದು ನನ್ನ ಅಡುಗೆ ಆಗತ್ತೆ. ಅವಳದ್ದು ಅಂತ ಉಳಿದಿರೋದು ಅದೊಂದೇ."

ಮಗಳು ಹಿಟ್ಟನ್ನು ಲಟ್ಟಿಸಿ, ಎರಡು ಬಣ್ಣದ ಗಸಗಸೆಯನ್ನೂ ತುಂಬಿ ಸುತ್ತಿ, ಓವನ್ನಿನಲ್ಲಿ ಇಟ್ಟಳು. ಬೆಂದದ್ದನ್ನು ಕೊಯ್ಯಲು ದೊಡ್ಡ ಚಾಕುವೇ ಬೇಕಾಯಿತು. ಚಹಾದಲ್ಲಿ ನೆನೆಸಿ ನೆನೆಸಿ ತಿಂದೆವು. ರುಚಿ ಕೆಟ್ಟದಾಗಿರಲಿಲ್ಲ.

ಲೈಬ್ರರಿಯ ಓದು ಚೆನ್ನಾಗಿ ನಡೆಯಿತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಯೀಸ್ಟಿನ ವಿಷಯವನ್ನೇ ಕೇಳಿದರು. ಆಕೆಗೆ ಪ್ರಶ್ನೆ ಮೊದಲ ಸಲಕ್ಕೇ ಕೇಳಿಸಿತು. ಹಿಂದೆ ನಿಂತಿದ್ದ ನನಗೆ ಆ ಒಂದು ಸಣ್ಣ ಹೆಮ್ಮೆ. ನಮಗೆ ಹೇಳಿದ್ದನ್ನೇ ಅಲ್ಲೂ ಹೇಳಿದರು. ಕೆಲವರು ಪುಸ್ತಕ ತೆರೆದು ಆ ಪುಟ ಹುಡುಕಿದರು.

ಹೋದ ತಿಂಗಳು ಹಿಯರಿಂಗ್ ಏಡ್ ಸರಿಮಾಡಿಸಲು ಬಂದಿದ್ದರು. ಮುಂದಿನ ಪುಸ್ತಕದಲ್ಲಿ ಶಿಬಿರ ಇರುವುದಿಲ್ಲವಂತೆ.

"ಮೂವತ್ತು ವರ್ಷ ಮದುವೆ ಗೌನು ಹೊಲಿದೆ. ಅದರ ಬಗ್ಗೆ ಇವತ್ತಿಗೂ ಯಾರೂ ಒಂದು ಪ್ರಶ್ನೆ ಕೇಳಿಲ್ಲ," ಎಂದರು. "ಎಲ್ಲರಿಗೂ ಆ ಒಂದು ವರ್ಷವೇ ಬೇಕು."

ನಾನೂ ಕೇಳಿರಲಿಲ್ಲ. ಊಟದ ಹೊತ್ತಾಗಿತ್ತು, ಬಾಗಿಲು ಮುಂದೆ ಮಾಡಿ ಅವರೆದುರು ಕೂತೆ. "ಗೌನು ಹೊಲಿದಾದ ಮೇಲೆ ಮದುವೆ ಮುರಿದುಹೋದರೆ ಏನ್ಮಾಡ್ತಿದ್ರಿ?" ಎಂದೆ.

ಆಕೆ ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು. "ಹಾಗೆ ಆಗಿದ್ದು ಮೂರು ಸಲ," ಎಂದು ಶುರುಮಾಡಿದರು.