ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಕೂತು ಉಗಾಂಡಾದ ಹಕ್ಕಿ ತೋರಿಸುವ ಮಸರ್ರತ್

ಬೆಳಗಿನ ಐದೂಕಾಲು. ಜನವರಿಯ ಚಳಿಗೆ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಸಾಲುಮನೆಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಗಂಡ ಮನ್ಸೂರರ ಹಳೇ ಕೋಟು ಹೊದ್ದ ಮಸರ್ರತ್ ಅಡುಗೆಮನೆಯ ಮೇಜಿನಿಂದ ಉಗಾಂಡಾಕ್ಕೆ ಫೋನ್ ಮಾಡುತ್ತಿದ್ದಾರೆ. ಅಲ್ಲಿ ಎಂಟೂಕಾಲು, ಜೌಗಿನ ಅಂಚಿನ ಪರಿಸರಸ್ನೇಹಿ ಲಾಡ್ಜಿನ ಅತಿಥಿಗಳು ದೋಣಿ ಇಳಿಯುವ ಹೊತ್ತು. ಯಾರಿಗೆ ಯಾವ ಹಕ್ಕಿ ಕಂಡಿತು, ಯಾರ ಹೊಟ್ಟೆ ಕೆಟ್ಟಿತು, ಯಾರ ಟೋಪಿ ನೀರುಪಾಲಾಯಿತು, ಎಲ್ಲವೂ ಅವರ ನೋಟ್‌ಬುಕ್ಕಿಗೆ ಇಳಿಯುತ್ತದೆ.

ಚಿತ್ರದುರ್ಗದಲ್ಲಿ ಬಿ.ಎ. ಮುಗಿಸಿ ಬಂದವರು ಮೊದಲು ಬಿಸ್ಕತ್ತು ಕಾರ್ಖಾನೆಯಲ್ಲಿ ನಿಂತು ನಿಂತು ಮಂಡಿ ಕೆಡಿಸಿಕೊಂಡರು. 2008ರಿಂದ ಬರ್ಮಿಂಗ್‌ಹ್ಯಾಮಿನ ಸಣ್ಣದೊಂದು ಪ್ರವಾಸ ಕಂಪನಿಗೆ ಮನೆಯಿಂದಲೇ ಫೋನಿನಲ್ಲಿ ಪ್ರವಾಸ ಏರ್ಪಡಿಸುವ ಈ ಕೆಲಸ. ದಿನಕ್ಕೆ ಇಪ್ಪತ್ತೈದು ಕರೆ, ವರ್ಷಕ್ಕೆ ನೂರೆಂಬತ್ತು ಪಕ್ಷಿಪ್ರಿಯರು. ಒಂಬತ್ತು ವರ್ಷದಿಂದ ಅವರಲ್ಲಿ ಹೆಚ್ಚಿನವರು ಹೋಗುವುದು ಈ ಒಂದೇ ಲಾಡ್ಜಿಗೆ. ಮಸರ್ರತ್ ಮಾತ್ರ ಇದುವರೆಗೆ ಆಫ್ರಿಕಾ ನೋಡಿಲ್ಲ.

ಕಳೆದ ಅಕ್ಟೋಬರಿನಲ್ಲಿ ಈ ಕೆಲಸವೇ ಹೋಗುವುದರಲ್ಲಿತ್ತು. ಡರ್ಬಿ, ಲೆಮಿಂಗ್ಟನ್ ಸ್ಪಾ ಕಡೆಯ ಎಂಟು ಮಂದಿ ಕನ್ನಡಿಗರು ಶೂಬಿಲ್ ನೋಡಲು ಹೊರಟಿದ್ದರು. ಮರದ ಚಪ್ಪಲಿಯಂಥ ಕೊಕ್ಕಿನ, ಎದೆಮಟ್ಟದ ಬೂದು ಹಕ್ಕಿ ಅದು. ಸೌರವಿದ್ಯುತ್ತಿನ ಲಾಡ್ಜಾದ್ದರಿಂದ ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ತರಬಾರದೆಂದು ಮಸರ್ರತ್ ಎಲ್ಲರಿಗೂ ಪಟ್ಟಿ ಕಳಿಸಿದ್ದರು. ಡರ್ಬಿಯ ಅಂಬುಜಾ ಎರಡನ್ನೂ ಬಿಟ್ಟು, ಸ್ವೆಟರಿನಲ್ಲಿ ಸುತ್ತಿ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಒಯ್ದರು. ವಿಮಾನದ ಎಂಜಿನ್ ಮಾಡಿ ನಿವೃತ್ತರಾದ ಪತಿ ರಾಮಮೂರ್ತಿ ಅದು ಎಷ್ಟು ವ್ಯಾಟ್ ಕರೆಂಟು ಎಳೆಯುತ್ತದೆಂದು ಲೆಕ್ಕ ಹಾಕಿ ಅಪ್ಪಣೆ ಕೊಟ್ಟಿದ್ದರು.

ಎರಡು ದಿನ ಮೋಡ ಕವಿದಿತ್ತು. ಮೂರನೆಯ ಸಂಜೆ ಅನ್ನ ಅರ್ಧ ಬೆಂದಾಗ ಲಾಡ್ಜಿನ ಬ್ಯಾಟರಿ ಬರಿದಾಗಿ ಅತಿಥಿಗಳ ಏಳೂ ಗುಡಿಸಲು ಕತ್ತಲಾದವು. ಯಾರ ಕ್ಯಾಮೆರಾವೂ ಫೋನೂ ಚಾರ್ಜ್ ಆಗಲಿಲ್ಲ. ಮರುದಿನ ಬೆಳಿಗ್ಗೆ ಶೂಬಿಲ್ ದೋಣಿಯಿಂದ ಹದಿನೈದೇ ಹೆಜ್ಜೆ ದೂರದಲ್ಲಿ ನಲವತ್ತು ನಿಮಿಷ ಅಲುಗಾಡದೆ ನಿಂತಿತ್ತಂತೆ. ಒಂದೇ ಒಂದು ಫೋಟೋ ಇಲ್ಲ.

ಇನ್ನು ನಿಮ್ಮ ಕಡೆಯವರು ಬೇಡ ಎಂದು ಲಾಡ್ಜಿನ ಮ್ಯಾನೇಜರ್ ಒಕೆಲ್ಲೊ ಫೋನ್ ಇಟ್ಟರು. ಹಾಗಾದರೆ ನಿಮ್ಮ ಕೆಲಸವೂ ಬೇಡವಾದೀತು ಎಂದಿತು ಕಂಪನಿ. ಮಸರ್ರತ್ ಡರ್ಬಿಗೆ ಫೋನ್ ಮಾಡಿದರು.

"ಅಂಬುಜಮ್ಮ, ಇಸ್ತ್ರಿಪೆಟ್ಟಿಗೆ ಬೇಡ ಅಂದ್ರೆ ಕುಕ್ಕರ್ ತಗೊಂಡ್ಹೋಗಿ ಅಂತ ಅರ್ಥನಾ?"

"ಅನ್ನ ಇಲ್ದೆ ಆರು ದಿನ ಹೇಗ್ರೀ ಇರೋದು? ಬರೀ ಬ್ರೆಡ್ ತಿಂದು ಹಕ್ಕಿ ನೋಡೋಕಾಗತ್ತಾ?"

ಹಿಂದಿನಿಂದ ರಾಮಮೂರ್ತಿಯವರ ದನಿ: "ಲೆಕ್ಕ ಸರಿಯಾಗೇ ಇತ್ತಮ್ಮ. ಮೋಡ ಲೆಕ್ಕದಲ್ಲಿರಲಿಲ್ಲ."

ಪಟ್ಟಿಗೆ ಕುಕ್ಕರ್ ಸೇರಿಸಿದರೆ ಮುಂದಿನವರು ಇಂಡಕ್ಷನ್ ಒಲೆ ಒಯ್ಯುತ್ತಾರೆ ಎಂಬುದು ಮಸರ್ರತ್‌ಗೆ ಆಗಲೇ ಹೊಳೆದಿತ್ತು. ಹಸಿವಿಗೇ ದಾರಿ ಮಾಡಬೇಕು. ಲಾಡ್ಜಿನ ಅಡುಗೆಯಾಕೆ ನಕಾಟೊಗೆ ಪಾರ್ಸೆಲ್ಲಿನಲ್ಲಿ ಸಾರಿನ ಪುಡಿ, ಸಾಸಿವೆ, ಒಣಗಿದ ಕರಿಬೇವು ಹೋಯಿತು. ಹನ್ನೊಂದು ಬೆಳಗು ಫೋನಿನಲ್ಲಿ ಪಾಠ ನಡೆಯಿತು. ಆಕೆ ಇದ್ದಿಲೊಲೆಯ ಪಕ್ಕ ಫೋನ್ ಹಿಡಿಯುತ್ತಿದ್ದಳು. ಸಾಸಿವೆ ಚಟಪಟ ಎಂದದ್ದು ಕೇಳಿದ ಮೇಲೆ ಇವರು ಕರಿಬೇವು ಹಾಕಲು ಹೇಳುತ್ತಿದ್ದರು.

"ಒಂದಿನ ಸದ್ದೇ ಬರಲಿಲ್ಲ," ಎನ್ನುತ್ತಾರೆ ಮಸರ್ರತ್. "ಎಣ್ಣೆ ಕಾದಿಲ್ಲ ಅಂತ ಇಲ್ಲಿಂದ್ಲೇ ಹೇಳಿದೆ. ಅವಳು ಹೆದರಿಬಿಟ್ಟಳು, ಎಲ್ಲಿಂದ ನೋಡ್ತಾ ಇದ್ದೀರ ಅಂತ."

ಹನ್ನೆರಡನೆಯ ದಿನ ಒಕೆಲ್ಲೊ ಎರಡು ತಟ್ಟೆ ಅನ್ನ ಸಾರು ಉಂಡರು. ನಿಷೇಧ ಹೋಯಿತು, ಕೆಲಸ ಉಳಿಯಿತು. ಆದರೆ ಒಂದು ಷರತ್ತು: ಫೆಬ್ರವರಿಯ ತಂಡದ ಜೊತೆ ಮಸರ್ರತ್ ತಾವೇ ಬಂದು ಲಾಡ್ಜಿನಲ್ಲಿ ಉಳಿಯಬೇಕು, ಎಲ್ಲರ ಸೂಟ್‌ಕೇಸನ್ನೂ ಖುದ್ದಾಗಿ ತೆರೆದು ನೋಡಬೇಕು.

ಶೂಬಿಲ್ ನೋಡುವ ಆಸೆಯಿದೆಯೇ ಎಂದರೆ ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ.

"ಹಕ್ಕಿ ಸಿಕ್ಕರೆ ಸಂತೋಷ. ಮೂರನೇ ಗುಡಿಸಲಿನಲ್ಲಿ ಬಿಸಿನೀರು ಚೆನ್ನಾಗಿ ಬರತ್ತೆ ಅಂತ ಒಂಬತ್ತು ವರ್ಷದಿಂದ ಎಲ್ಲರಿಗೂ ಹೇಳ್ತಾ ಬಂದಿದ್ದೀನಿ. ನಲ್ಲಿ ತಿರುಗಿಸಿ ಒಂದ್ಸಲ ನೋಡ್ಬೇಕು."