ಮಂಗಳವಾರದ ಗಣಿತ

ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಮಗಳು ಇಲ್ಲಿನ ಜರ್ಮನ್ ಶಾಲೆಯಿಂದ ಒಂದು ಅರ್ಜಿ ತಂದು ನನ್ನ ಮುಂದಿಟ್ಟಳು. ಫ್ರ್ಯೂಸ್ಟುಡಿಯಂ ಎಂದಿತ್ತು. ಶಾಲೆ ಬಿಡದೆಯೇ, ಮಂಗಳವಾರ ಬೆಳಿಗ್ಗೆ ಎರ್ಲಾಂಗೆನ್ನಿನ ಯೂನಿವರ್ಸಿಟಿಗೆ ಹೋಗಿ ಮೊದಲ ವರ್ಷದವರ ಜೊತೆ ಕೂತು ಗಣಿತ ಕಲಿಯಬಹುದಂತೆ. ತಂದೆತಾಯಿಯ ಸಹಿ ಬೇಕಿತ್ತು.

"ಅಷ್ಟೊತ್ತು ಸಾಲಿ ತಪ್ಪಿದ್ರ ಆ ಪಾಠ ಯಾರು ಹೇಳಿಕೊಡ್ತಾರವಾ? ಸಾಲಿ ಕಡೀ ಪರೀಕ್ಷಾ, ಆ ಅಬಿಟುರ್‌ನಾಗ ಮಾರ್ಕ್ಸ್ ಕಡಿಮಿ ಬಂದ್ರ?"

"ನೋಟ್ಸ್ ತಗೋತೀನಿ ಅಮ್ಮಾ. ಸಾಲಿ ಗಣಿತ ಬೋರ್ ಆಗೇತಿ. ಪ್ಲೀಸ್."

ಧಾರವಾಡದಲ್ಲಿ ಓದಿದ ನನಗೆ ಅಂಕವೆಂದರೆ ಒಮ್ಮೆ ಕೈಜಾರಿದರೆ ಮತ್ತೆ ಸಿಗದ ವಸ್ತು. ನಾಲ್ಕು ದಿನ ಒದ್ದಾಡಿದೆ. "ಆಕಿ ಕೇಳಾಕತ್ತಾಳ, ಹೋಗಲಿ ಬಿಡ" ಎಂದು ಗಂಡ ಸಹಿ ಹಾಕಿದ ಮೇಲೆ ನಾನೂ ಹಾಕಿದೆ.

ಮಂಗಳವಾರಗಳು ನನಗೆ ಕಷ್ಟವಾದವು. ಮಡಚಿದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ನವೆಂಬರಿನ ಒಂದು ದಿನ ತಡೆಯಲಾರದೆ ಸೈಕಲ್ ಹತ್ತಿ ಯೂನಿವರ್ಸಿಟಿಗೆ ಹೋಗಿ, ಅವಳ ದೊಡ್ಡ ಕ್ಲಾಸ್‌ರೂಮಿನ ಕೊನೆಯ ಸಾಲಿನಲ್ಲಿ ಕೂತೆ. ಯಾರೂ ಏನೂ ಕೇಳಲಿಲ್ಲ. ಮಗಳು ಮೂರನೇ ಸಾಲಿನಲ್ಲಿದ್ದಳು. ಪ್ರೊಫೆಸರ್ ಬೋರ್ಡ್ ತುಂಬಿಸುತ್ತಿದ್ದಾಗ ಅವಳ ಕೈ ಮೇಲೆದ್ದಿತು. ಎರಡನೇ ಹಂತದಿಂದ ಮೂರನೆಯದು ಹೇಗೆ ಬಂತೆಂದು ಜರ್ಮನ್‌ನಲ್ಲಿ ಕೇಳಿದಳು. ನಾನು ಮುಂದಿನವರ ಬೆನ್ನ ಹಿಂದೆ ತಲೆ ತಗ್ಗಿಸಿದೆ. ಪ್ರೊಫೆಸರ್ ಒಂದು ಕ್ಷಣ ಬೋರ್ಡ್ ನೋಡಿ, ಅರ್ಧ ಅಳಿಸಿ, ಮೊದಲಿನಿಂದ ಬಿಡಿಸಿ ಬರೆದರು. ಸುತ್ತಲಿದ್ದವರೆಲ್ಲ ಆತುರದಿಂದ ಬರೆದುಕೊಂಡರು, ಅವರಿಗೂ ತಿಳಿದಿರಲಿಲ್ಲ. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ನಾನು ಒಮ್ಮೆಯೂ ಕೈ ಎತ್ತಿರಲಿಲ್ಲ. ಪಾಠ ಮುಗಿಯುವ ಮೊದಲೇ ಸದ್ದಿಲ್ಲದೆ ಎದ್ದು ಬಂದೆ.

ಫೆಬ್ರುವರಿಯ ಯೂನಿವರ್ಸಿಟಿ ಪರೀಕ್ಷೆಯಲ್ಲಿ ಅವಳು ಫೇಲಾದಳು. ಬಾಗಿಲಲ್ಲಿ ಶೂ ಬಿಚ್ಚುತ್ತಲೇ ಹೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, "ಇದು ಎಲ್ಲೂ ಕೌಂಟ್ ಆಗಂಗಿಲ್ಲ ಅಮ್ಮಾ. ಪಾಸಾದ್ರ ಅಷ್ಟ ಲೆಕ್ಕಕ್ಕ. ಮತ್ತ ಬರೀತೀನಿ" ಎಂದಳು. ಬಿಚ್ಚಿದ ಶೂ ಲೇಸನ್ನೇ ಮತ್ತೆ ಬಿಗಿಯುತ್ತಿದ್ದಳು. ಹುಟ್ಟಿದಾಗಿನಿಂದ ಫೇಲಾದವಳಲ್ಲ.

ಶಾಲೆಯಲ್ಲಿ ಅವಳು ಒಬ್ಬಳೇ ಓದುತ್ತಿದ್ದಳು, ಅಷ್ಟು ಸಾಕಾಗುತ್ತಿತ್ತು. ಈಗ ಮಂಗಳವಾರದ ಕ್ಲಾಸಿನ ಇಬ್ಬರು ಹುಡುಗಿಯರನ್ನು ತಾನೇ ಮಾತಾಡಿಸಿ, ಶನಿವಾರ ಲೈಬ್ರರಿಯಲ್ಲಿ ಅವರ ಜೊತೆ ಕೂರತೊಡಗಿದಳು. ತಿಳಿಯದ್ದನ್ನು ತಿಳಿಯಲಿಲ್ಲ ಎನ್ನಲು ಕಲಿತಳು. ಎರಡನೇ ಸಲ ಪಾಸಾದಳು. ಅಂಕ ಸಾಧಾರಣ. ನಾನು ಮಾತ್ರ ಅಬಿಟುರ್ ಫಲಿತಾಂಶ ಬರುವವರೆಗೂ ನೆಟ್ಟಗೆ ಉಸಿರಾಡಲಿಲ್ಲ.

ಈಗ ಅವಳು ಕಲೋನ್ ಯೂನಿವರ್ಸಿಟಿಯಲ್ಲಿ ಗಣಿತ ಓದುತ್ತಿದ್ದಾಳೆ. ಎರ್ಲಾಂಗೆನ್ನಿನಲ್ಲಿ ಪಾಸಾದ ಪೇಪರನ್ನು ಅಲ್ಲಿ ಒಪ್ಪಿಕೊಂಡಿದ್ದರಿಂದ ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಕಡಿಮೆಯಾಯಿತು. ಕಷ್ಟವೇ ಎಂದು ಕೇಳಿದರೆ, "ಕಷ್ಟ ಐತಿ, ಅಂಜಿಕಿ ಇಲ್ಲ" ಅನ್ನುತ್ತಾಳೆ. ಮೊನ್ನೆ ಫೋನ್ ಮಾಡಿ, ಉಳಿದ ಸಮಯಕ್ಕೆ ಸಂಗೀತಶಾಸ್ತ್ರವನ್ನೂ ತೆಗೆದುಕೊಂಡಿದ್ದೇನೆ ಎಂದಳು.

"ಸಂಗೀತ ಯಾಕವಾ ಈಗ? ಸ್ವಲ್ಪ ವಿಚಾರ ಮಾಡೋಣಲ್ಲ..."

"ಅಮ್ಮಾ, ನಾ ಕೇಳಾಕ ಫೋನ್ ಮಾಡಿಲ್ಲ, ಹೇಳಾಕ ಮಾಡೀನಿ" ಎಂದು ನಕ್ಕಳು.

ನಾನೂ ನಕ್ಕೆ. ಫೋನಿಟ್ಟು ಚಹಾಕ್ಕೆ ನೀರಿಟ್ಟವಳು, ಒಲೆ ಹಚ್ಚಲು ಮರೆತು ಎಷ್ಟೋ ಹೊತ್ತು ಹಾಗೇ ನಿಂತಿದ್ದೆ.