ನಾಗವ್ವಕ್ಕನ ಮೂರು ಕ್ಯೂಬು

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಹಸಿ ಕಾಂಕ್ರೀಟಿನಲ್ಲಿ ಕೂದಲು ಆರಿಸಿದೆ. ಬುಟ್ಟಿ ಮಾಲಿನ ತುಂಬ ಬಿಳಿ ಎಳೆಗಳು. ಯಾವುದೋ ಮುದುಕಿ ಇಲ್ಲೇ ಕೂತು ತಲೆ ಬಾಚಿಕೊಂಡಿದ್ದಾಳೆ ಎಂದು ಬೈಯುತ್ತ, ಅರ್ಧ ಗಂಟೆ ಒಂದೊಂದಾಗಿ ಕಿತ್ತೆ. ಸಿವಿಲ್ ಡಿಪ್ಲೊಮಾ, ಫಸ್ಟ್ ಕ್ಲಾಸ್!

ಹಿಂದೆ ನಿಂತಿದ್ದ ಹೆಂಗಸು ಕೊನೆಗೆ, "ಸಾಹೇಬ್ರ, ಅದು ಫೈಬರ್ ರೀ. ನೆಲಾ ಆರೂವಾಗ ಬಿರಕ ಬಿಡಬಾರ್ದಂತ ನಾವ ಹಾಕೀವಿ. ಇನ್ನೂ ಆರಸೂದಿದ್ರ ಹೇಳ್ರಿ, ಅಕ್ಕಿ ಕೇರೂ ಮರಾ ತರ್ತೀನಿ" ಅಂದಳು.

ಅವಳೇ ನಾಗವ್ವಕ್ಕ. ರಾಮದುರ್ಗದ ಕಡೆಯವಳು. ಇಪ್ಪತ್ತು ವರ್ಷದ ಹಿಂದೆ ಈ ಮರಾಠಿ ಊರಿಗೆ ಬಂದು, ಯೆರವಡಾದ ಐಟಿ ಕಟ್ಟಡಗಳಿಗೆ ತಲೆ ಮೇಲೆ ಕಾಂಕ್ರೀಟು ಹೊತ್ತವಳು. ಈಗ ಬಿಬವೇವಾಡಿಯಿಂದ ಬಸ್ಸು ಹಿಡಿದು ನಮ್ಮ ರೆಡಿಮಿಕ್ಸ್ ಪ್ಲಾಂಟಿನ ಲ್ಯಾಬಿಗೆ ಬರುತ್ತಾಳೆ. ಲಾರಿಯಲ್ಲಿ ಹೊರಡುವ ಹಸಿ ಮಾಲಿನಲ್ಲಿ ಒಂದಿಷ್ಟು ತೆಗೆದು, ಚೋಟುದ್ದದ ಕಬ್ಬಿಣದ ಅಚ್ಚುಗಳಲ್ಲಿ ಮೂರು ಪದರ ತುಂಬಿ, ಪದರಕ್ಕೆ ಮೂವತ್ತೈದು ಸಲ ಸರಳಿನಿಂದ ಕುಟ್ಟುತ್ತಾಳೆ. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿತೋ, ಆ ಮಾಲು ಚೆಲ್ಲಿ ಮತ್ತೆ ಒಂದರಿಂದ ಶುರು. ಮೇಲೆ ಮೊಳೆಯಿಂದ ಕನ್ನಡ ಅಂಕಿಯಲ್ಲಿ ತಾರೀಖು ಗೀಚಿ, ಮರುದಿನ ಅಚ್ಚು ಬಿಚ್ಚಿ ನೀರಿನ ಟಾಕಿಯಲ್ಲಿಡುತ್ತಾಳೆ. ಏಳನೇ ದಿನ ಮೂರು ಕ್ಯೂಬು, ಇಪ್ಪತ್ತೆಂಟನೇ ದಿನ ಮೂರು, ಮಷೀನಿನಲ್ಲಿ ಒಡೆದು ಬಲ ನೋಡುವವನು ನಾನು. ಅವಳು ಮಾಡಿದ್ದನ್ನು ಒಡೆಯಲು ನನಗೆ ಸಂಬಳ.

ಈ ಬೇಸಿಗೆಯಲ್ಲಿ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿ ರಾಮಲಿಂಗಪ್ಪ ತಮ್ಮ ಗೋದಾಮಿನ ನೆಲಕ್ಕೆ ಮಾಲು ತರಿಸಿದರು. ಮಿಕ್ಸ್ ನನ್ನದೇ, ಜನ್ಮದಲ್ಲಿ ಮೊದಲನೆಯದು: ಫೈಬರ್ ಹಾಕಿ, ಸಿಮೆಂಟಿನಲ್ಲಿ ಮೂರನೇ ಒಂದು ಪಾಲು ತೆಗೆದು ಫ್ಲೈ ಆ್ಯಶ್ ಸೇರಿಸಿದ್ದೆ. ಕರೆಂಟು ತಯಾರಿಸುವಲ್ಲಿ ಕಲ್ಲಿದ್ದಲು ಉರಿದು ಉಳಿಯುವ ನುಣ್ಣನೆ ಬೂದಿ ಅದು. ಏಳನೇ ದಿನ ಇಪ್ಪತ್ತು ಬರಬೇಕಿದ್ದ ಬಲ ಹದಿನೇಳೇ ಬಂತು.

"ನನ್ನ ಗೋದಾಮಿಗೆ ಒಲೀ ಬೂದಿ ಬಳದೀರೇನ್ರಿ?" ರಾಮಲಿಂಗಪ್ಪ ಫೋನಿನಲ್ಲೇ ಗುಡುಗಿದರು. "ಇಪ್ಪತ್ತೆಂಟನೇ ದಿನ ನಾನ ಬಂದು ನೋಡ್ತೀನಿ. ಮೂವತ್ತು ಬರಲಿಲ್ಲಂದ್ರ ನೆಲಾ ಒಡದು ಹೊಸಾದು ಹಾಕ್ರಿ!"

ನಮ್ಮ ಮ್ಯಾನೇಜರ್ ಓಂಕಾರ್ ಸಾಹೇಬರು ಮರಾಠಿಯಲ್ಲಿ ತೀರ್ಪು ಕೊಟ್ಟರು: ಈ ಬಾಯಿ, ಎಂದರೆ ಈ ಹೆಂಗಸು, ಸರಿಯಾಗಿ ಕುಟ್ಟಿಲ್ಲ, ಇಪ್ಪತ್ತೆಂಟನೇ ದಿನವೂ ಹೀಗಾದರೆ ಅವಳ ಜಾಗಕ್ಕೆ ಬೇರೆಯವರು. ಮಿಕ್ಸ್ ಮಾಡಿದ ಮಹಾಶಯ ಪಕ್ಕದಲ್ಲೇ ನಿಂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ.

ಇಪ್ಪತ್ತೇಳನೇ ದಿನ ನನಗೆ ಧೈರ್ಯ ಬಂತು, ತಪ್ಪು ದಿಕ್ಕಿನಲ್ಲಿ. "ಅಕ್ಕಾ, ಟಾಕಿಯೊಳಗ ಫ್ಲೈಓವರಿಗೆ ಹೋದ ಮಾಲಿನ ಕ್ಯೂಬ್ ಅದಾವಲ್ಲ, ಅವು ಐವತ್ತು ಬರ್ತಾವ. ಮ್ಯಾಲಿನ ತಾರೀಖು ತಿಕ್ಕಿ, ನೀವು ಬ್ಯಾರೆ ಗೀಚಿದ್ರ..."

ಅವಳು ಸರಳು ಕೆಳಗಿಟ್ಟಳು. "ಬೂದಿ ಮಾಲು ಸಾವಕಾಶ ಗಟ್ಟಿ ಆಗ್ತದಂತ ನಿಮ್ಮ ಬುಕ್ಕಿನ್ಯಾಗ ಇಲ್ಲೇನ್ರಿ? ಬ್ಯಾಳಿ ಒಲಿ ಮ್ಯಾಲಿಟ್ಟು ಐದು ನಿಮಿಷಕ್ಕ ಮುಚ್ಚಳಾ ತಗದು, ಬೆಂದಿಲ್ಲಂತ ಅಳ್ತೀರೇನು?"

"ನಾಳೆ ಮೂವತ್ತು ಬರಲಿಲ್ಲಂದ್ರ ನಿಮ್ಮ ಕೆಲಸ ಹೋಗ್ತದಕ್ಕಾ."

"ಹೋದ್ರ ಹೋಗ್ಲಿ. ನಾ ಕುಟ್ಟಿದ್ದು ನನಗ ಗೊತ್ತದ. ನೀವು ಕಲಸಿದ್ದು ನಿಮಗ ಗೊತ್ತಿಲ್ಲ, ಅದs ನೋಡ್ರಿ ತ್ರಾಸು."

ಮರುದಿನ ಬೆಳಿಗ್ಗೆ ರಾಮಲಿಂಗಪ್ಪ ಮಷೀನಿನ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಕ್ಯೂಬು ಇಟ್ಟೆ. ಮುಳ್ಳು ಇಪ್ಪತ್ತೈದು ದಾಟಿತು, ಇಪ್ಪತ್ತೊಂಬತ್ತು ದಾಟಿತು. ಮೂವತ್ತಮೂರಕ್ಕೆ 'ಟಪ್' ಅಂತು. ಉಳಿದೆರಡೂ ಮೂವತ್ತನಾಲ್ಕು. ಅಷ್ಟು ಬಿರಿದರೂ ಕ್ಯೂಬು ಉದುರಲಿಲ್ಲ. ಚೂರುಗಳನ್ನು ಎಳೆಗಳು ಹಿಡಿದುಕೊಂಡಿದ್ದವು. ರಾಮಲಿಂಗಪ್ಪ ಒಂದು ಚೂರು ಜಗ್ಗಿ ನೋಡಿ, "ಏ, ಬಿಡವಲ್ದಲ್ಲಪಾ!" ಎಂದು ನಕ್ಕೇಬಿಟ್ಟರು. ಓಂಕಾರ್ ಸಾಹೇಬರು, ಬಾಯಿಯ ಕೈ ಎಂದರೆ ಕೈ ಎಂದು ಹೊಗಳಿದರು.

ಆದರೆ ಮೇಲೆ ದಪ್ಪ ಈರುಳ್ಳಿ ಗಡ್ಡೆ, ಕೆಳಗೆ ಕೊಳೆತದ್ದು ತುಂಬಿದ ಚೀಲಗಳನ್ನು ಜೀವಮಾನವಿಡೀ ಬಿಚ್ಚಿಸಿದ ಮನುಷ್ಯ ಅಷ್ಟಕ್ಕೆ ಏಳುತ್ತಾರೆಯೆ? ನಗು ನಿಲ್ಲಿಸಿ ನಾಗವ್ವಕ್ಕನ ಕಡೆ ತಿರುಗಿದರು.

"ಬಾಯಿ, ನೀವು ನಮ್ಮ ಕಡೆಯವರು. ಖರೆ ಹೇಳ್ರಿ. ಕ್ಯೂಬ್ ಬದ್ಲಿ ಮಾಡ್ರಿ ಅಂತ ನಿಮಗ ಯಾರರೆ ಹೇಳಿದ್ರೇನು?"

ಕನ್ನಡ ತಿಳಿಯದ ಓಂಕಾರ್ ಸಾಹೇಬರು ಇನ್ನೂ ನಗುತ್ತಲೇ ತಲೆಯಾಡಿಸುತ್ತಿದ್ದರು. ನಾನು ಮಷೀನಿನ ಗಾಜು ಒರೆಸತೊಡಗಿದೆ.

"ಹೇಳಿದ್ರಿ," ಅಂದಳು ನಾಗವ್ವಕ್ಕ, ನನ್ನ ಕಡೆ ಕೈ ಮಾಡಿ. "ಈ ಸಾಹೇಬ್ರ ಹೇಳಿದ್ರು, ನಿನ್ನೆ. ನಾ ಒಲ್ಲೆ ಅಂದೆ."